ಗಾಳಿಯ ಹಗ್ಗ

2020ರ ಬೇಸಿಗೆಯಲ್ಲಿ ಊರಿಗೆ ಊರೇ ‘ವೆಂಟಿಲೇಟರ್, ವೆಂಟಿಲೇಟರ್’ ಎಂದು ಜಪಿಸುತ್ತಿದ್ದಾಗ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಆಸ್ಪತ್ರೆಯ ಯಂತ್ರವಲ್ಲ, ತಾಲ್ಲೂಕು ಕಚೇರಿಯ ಗೋಡೆ. ನೆಲದಿಂದ ಹನ್ನೆರಡು ಅಡಿ ಎತ್ತರದಲ್ಲಿ, ಬಾಗಿಲ ನೆತ್ತಿಯ ಮೇಲೆ, ಗಾಜಿನ ಒಂದು ಪುಟ್ಟ ಕಿಟಕಿ. ಚೌಕಟ್ಟಿನ ನಡುಮಧ್ಯೆ ತಿರುಗಣಿ. ಅದರಿಂದ ಇಳಿಬಿದ್ದ ನೂಲಿನ ಹಗ್ಗ, ಗೋಡೆಯ ಮೊಳೆಗೆ ಸುತ್ತಿಟ್ಟ ಅದರ ತುದಿ. ವರ್ಷಗಟ್ಟಲೆ ಕೈಯಾಡಿ ಆ ತುದಿಯೊಂದು ಮಾತ್ರ ಎಣ್ಣೆ ಹಚ್ಚಿದ ಜಡೆಯ ಹಾಗೆ ಕಪ್ಪಗೆ ಮಿರುಗುತ್ತಿತ್ತು. ನಮ್ಮ ಕಾಲದವರಿಗೆ ವೆಂಟಿಲೇಟರ್ ಅಂದರೆ ಅದೇ.

ಆ ಹಗ್ಗ ನಮ್ಮಪ್ಪನ ಸುಪರ್ದಿಯಲ್ಲಿತ್ತು. ಅಪ್ಪ ಬಳ್ಳಾರಿ ಜಿಲ್ಲೆಯ ತಾಲ್ಲೂಕು ಕಚೇರಿಯೊಂದರಲ್ಲಿ ಜವಾನ. ಬೆಳಿಗ್ಗೆ ಒಂಬತ್ತಕ್ಕೇ ಹೋಗಿ ಕಿಟಕಿಗಳ ಅಗುಳಿ ತೆಗೆದು, ನೆಲಕ್ಕೆ ನೀರು ಚಿಮುಕಿಸಿ ಕಸ ಗುಡಿಸಿ, ಕೊನೆಗೆ ಒಂದೊಂದೇ ವೆಂಟಿಲೇಟರಿನ ಹಗ್ಗ ಸಡಿಲಿಸುತ್ತಿದ್ದ. ಬೇಸಿಗೆ ಬಂತೆಂದರೆ ಕ್ರಮ ಬೇರೆ. ಹನ್ನೊಂದರ ಹೊತ್ತಿಗೆ ಝಳ ಏಳುತ್ತದೆ, ಆಗ ಕೆಳಗಿನ ಕಿಟಕಿಗಳನ್ನು ಮುಚ್ಚಬೇಕು, ಮೇಲಿನವನ್ನು ಮಾತ್ರ ತೆರೆದೇ ಇಡಬೇಕು. ಹೊಸ ಗುಮಾಸ್ತರು ಯಾರಾದರೂ ಎಲ್ಲವನ್ನೂ ಮುಚ್ಚು ಎಂದರೆ ಅಪ್ಪನಿಗೆ ಸಿಟ್ಟು. ‘ಬಿಸಿ ಮ್ಯಾಲಕ್ಕ ಹೋಗ್ತದ್ರೀ ಸಾಹೇಬ್ರ, ಅದಕ್ಕೊಂದು ದಾರಿ ಬ್ಯಾಡೇನು?’ ಎನ್ನುತ್ತಿದ್ದ. ನಾಲ್ಕನೇ ಇಯತ್ತೆ ಓದಿದ ಮನುಷ್ಯ. ಮುಂದೆ ನಾನು ಐಟಿಐನಲ್ಲಿ ರೆಫ್ರಿಜರೇಷನ್ ಮತ್ತು ಏರ್‌ಕಂಡೀಷನಿಂಗ್ ಟ್ರೇಡ್ ಕಲಿಯುವಾಗ ಮೇಷ್ಟ್ರು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಹೇಳಿಕೊಟ್ಟದ್ದೂ ಇದನ್ನೇ.

ಬೆಂಗಳೂರಿನ ಕಚೇರಿಗಳ ಎಸಿ ನೋಡಿಕೊಳ್ಳುತ್ತ ನಲವತ್ತು ವರ್ಷ ಕಳೆದವನು ನಾನು. ಕಂಪ್ರೆಸರು, ಕೂಲಿಂಗ್ ಟವರು, ಫಿಲ್ಟರುಗಳ ಸಹವಾಸ ಮಾಡಿದವನಿಗೆ ಚರಿತ್ರೆ ಬರೆಯುವ ಅಧಿಕಾರ ಎಲ್ಲಿಂದ ಬಂತು ಎಂದು ಕೇಳಬಹುದು. ಕಚೇರಿಯ ಗಾಳಿಗೂ ಒಂದು ಚರಿತ್ರೆಯಿದೆ, ಅದನ್ನು ದೊಡ್ಡವರು ಬರೆದಿಟ್ಟದ್ದು ಕಡಿಮೆ. ನನಗೆ ಕಂಡಂತೆ ಆ ಕಥೆಯೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಹಗ್ಗ ಯಾರ ಕೈಯಲ್ಲಿತ್ತು?

ವೆಂಟಿಲೇಟರಿಗಿಂತ ಹಿಂದಿನ ಹಗ್ಗ ಪಂಖಾದ್ದು. ನಮ್ಮ ಓಣಿಯಲ್ಲಿ ಒಬ್ಬ ಮುದುಕರಿದ್ದರು. ನಾನು ಸಣ್ಣವನಿದ್ದಾಗಲೇ ಅವರಿಗೆ ಅರವತ್ತರ ಮೇಲೆ. ಬ್ರಿಟಿಷರ ಕಾಲದಲ್ಲಿ, ಬಳ್ಳಾರಿ ಇನ್ನೂ ಮದ್ರಾಸ್ ಪ್ರಾಂತಕ್ಕೆ ಸೇರಿದ್ದಾಗ, ಅವರು ಹುಡುಗನಾಗಿ ಕೋರ್ಟಿನಲ್ಲಿ ಬೇಸಿಗೆಯ ನಾಲ್ಕು ತಿಂಗಳು ಪಂಖಾ ಎಳೆದಿದ್ದರಂತೆ. ಸೂರಿನ ತೊಲೆಗೆ ಅಡ್ಡಲಾಗಿ ತೂಗುಬಿಟ್ಟ ಮರದ ಪಟ್ಟಿ, ಅದಕ್ಕೆ ನೆರಿಗೆ ಹಿಡಿದು ಹೊಲಿದ ಬಟ್ಟೆಯ ಜಾಲರಿ. ಅದರ ಹಗ್ಗ ಒಂದು ರಾಟೆಯ ಮೇಲೆ ಹಾದು, ಗೋಡೆಯ ತೂತಿನಿಂದ ಹೊರಬಿದ್ದು ಜಗಲಿಯಲ್ಲಿ ಕೂತವನ ಕೈಗೆ ಬರುತ್ತದೆ. ಕೈ ಸೋತರೆ ಅಂಗಾತ ಮಲಗಿ ಕಾಲ್ಬೆರಳಿಗೆ ಕಟ್ಟಿಕೊಂಡು ಎಳೆಯುವುದು. ಕಣ್ಣು ಮುಚ್ಚಿದರೆ ಒಳಗಿನಿಂದ ಬೈಗುಳ, ಕೆಲವೊಮ್ಮೆ ಬೂಟು.

‘ಪಂಖಾ ಹೆಂಗಿತ್ತಜ್ಜಾ? ದೊಡ್ಡದಿತ್ತಾ?’ ಎಂದು ನಾನು ಕೇಳಿದ್ದೆ.

‘ನಾನೆಲ್ಲಿ ನೋಡೀನಿ ತಮ್ಮಾ,’ ಅಂದರು. ‘ಅದು ಗ್ವಾಡಿ ಆ ಕಡಿ ಇತ್ತು. ನಾ ಈ ಕಡಿ. ಹಗ್ಗ ನೋಡೀನಿ ಅಷ್ಟ.’

ಈ ಮಾತಿನ ತೂಕ ಆಗ ನನಗೆ ತಿಳಿದಿರಲಿಲ್ಲ. ಫಾರ್ಸ್ಟರ್ 1924ರಲ್ಲಿ ಬರೆದ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯ ಕೋರ್ಟಿನ ದೃಶ್ಯದಲ್ಲೂ ಒಬ್ಬ ಪಂಖಾದವನಿದ್ದಾನೆ. ಒಳಗೆ ನಡೆಯುವ ರಂಪ ಯಾವುದೂ ತಲೆಗೆ ಹೋಗದೆ ಹಗ್ಗ ಎಳೆಯುತ್ತಲೇ ಇರುತ್ತಾನೆ. ಕಾದಂಬರಿಯಲ್ಲಿ ಅವನನ್ನಾದರೂ ಕೋರ್ಟಿನ ಒಳಗೇ ಕೂರಿಸಿದ್ದಾರೆ. ನಮ್ಮ ಅಜ್ಜನಿಗೆ ಆ ಭಾಗ್ಯವೂ ಇರಲಿಲ್ಲ.

ಈ ಪಂಖಾ ಗಾಳಿಯನ್ನು ಅಲುಗಾಡಿಸುತ್ತಿತ್ತೇ ಹೊರತು ಬದಲಿಸುತ್ತಿರಲಿಲ್ಲ. ಬೆವರು ಆರುತ್ತದೆ, ಹಾಯೆನಿಸುತ್ತದೆ, ಉಸಿರಾಡುವ ಗಾಳಿ ಮಾತ್ರ ಅದೇ ಹಳೆಯದು. ಬಿಸಿಲ ಸೀಮೆಯ ಸಾಹೇಬರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು: ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿಸಿ ಅದಕ್ಕೆ ನೀರು ಎರಚಿಸುವುದು. ಹೊರಗಿನ ಒಣಗಾಳಿ ಒದ್ದೆ ಬೇರಿನ ಸಂದಿನಲ್ಲಿ ಹಾದು ತಂಪಾಗಿ, ಘಮಘಮಿಸುತ್ತ ಒಳಗೆ ಬರುತ್ತಿತ್ತು. ತಣ್ಣನೆಯ ಗಾಳಿ, ಹೊಸ ಗಾಳಿ ಎರಡೂ ಒಟ್ಟಿಗೆ. ಆದರೆ ನೀರು ಎರಚುವುದಕ್ಕೆ ಇನ್ನೊಬ್ಬ ಬೇಕು, ಅವನೂ ಬಾಗಿಲ ಹೊರಗೇ.

ತಂಪು ಬೇರೆ, ಶುದ್ಧಿ ಬೇರೆ ಎಂಬ ಈ ವ್ಯತ್ಯಾಸವನ್ನು ಅಂಕಿಯಲ್ಲಿ ಹಿಡಿದವನು ಜರ್ಮನಿಯ ಮ್ಯೂನಿಕ್ ನಗರದ ಮ್ಯಾಕ್ಸ್ ಪೆಟೆನ್‌ಕೋಫರ್. 1858ರಲ್ಲಿ ಆತ ಹೇಳಿದ್ದು ಇಷ್ಟು: ಜನ ಕೂತ ಕೋಣೆಯ ಗಾಳಿ ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಅದರಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅಳೆಯಿರಿ. ಸಾವಿರಕ್ಕೆ ಒಂದು ಪಾಲು ದಾಟಿತೆಂದರೆ ಹೊಸ ಗಾಳಿ ಬೇಕು. ಆ ಅನಿಲವೇ ವಿಷವೆಂದು ಅವನು ಹೇಳಲಿಲ್ಲ. ಮನುಷ್ಯರು ಉಸಿರಿನಿಂದ, ಮೈಯಿಂದ ಗಾಳಿಗೆ ಬೆರೆಸುವ ಎಲ್ಲದಕ್ಕೂ ಅದೊಂದು ಲೆಕ್ಕದ ಕಡ್ಡಿ, ಅಷ್ಟೇ. ಸಾವಿರಕ್ಕೆ ಒಂದು ಅಂದರೆ ಈಗಿನ ಮೀಟರುಗಳ ಭಾಷೆಯಲ್ಲಿ 1000 ಪಿಪಿಎಂ. ನೂರಾ ಅರವತ್ತು ವರ್ಷ ಕಳೆದರೂ ನನ್ನಂಥ ಮೆಕ್ಯಾನಿಕ್ಕುಗಳು ಗೋಡೆಗೆ ಮೀಟರು ಹಾಕಿದಾಗ ಮೊದಲು ನೋಡುವುದು ಇದೇ ಗೆರೆಯನ್ನು. ಇಂಥ ಮನುಷ್ಯ ಕಾಲರಾ ವಿಷಯದಲ್ಲಿ ಮಾತ್ರ ಹಟಮಾರಿ. ಬರೀ ಕ್ರಿಮಿಯಿಂದ ಆ ರೋಗ ಬರುವುದಿಲ್ಲವೆಂದು ಸಾಧಿಸಲು 1892ರಲ್ಲಿ ಕಾಲರಾ ಕ್ರಿಮಿಗಳಿದ್ದ ದ್ರವವನ್ನೇ ಕುಡಿದುಬಿಟ್ಟ, ಬದುಕಿಕೊಂಡ. ಒಂದರಲ್ಲಿ ಸರಿ ಇದ್ದವರು ಎಲ್ಲದರಲ್ಲೂ ಸರಿ ಇರಬೇಕೆಂದೇನಿಲ್ಲ.

ಅವನು ಗಾಳಿ ಅಳೆಯುತ್ತಿದ್ದ ಕಾಲದಲ್ಲೇ ಇಂಡಿಯಾದ ಬ್ರಿಟಿಷ್ ಸೈನಿಕರು ಯುದ್ಧಕ್ಕಿಂತ ಹೆಚ್ಚಾಗಿ ರೋಗದಿಂದ ಸಾಯುತ್ತಿದ್ದರು. ಅದರ ವಿಚಾರಣೆಗೆ ನೇಮಕವಾದ ರಾಯಲ್ ಕಮಿಷನ್ 1863ರಲ್ಲಿ ವರದಿ ಕೊಟ್ಟಿತು. ಫ್ಲಾರೆನ್ಸ್ ನೈಟಿಂಗೇಲ್ ಅದರ ಬೆನ್ನಿಗಿದ್ದರು. ಬ್ಯಾರಕ್ಕುಗಳಲ್ಲಿ ಜನ ಒತ್ತೊತ್ತಾಗಿ ಮಲಗಬಾರದು, ಗಾಳಿ ಬರಬೇಕು, ಹೋಗಬೇಕು ಎಂಬ ಮಾತು ಸರ್ಕಾರಿ ಕಡತಗಳಿಗೆ ಇಳಿಯಿತು. ಎತ್ತರದ ಸೂರು, ಎದುರುಬದುರು ಕಿಟಕಿ, ಮೇಲೊಂದು ವೆಂಟಿಲೇಟರು, ಸುತ್ತ ಜಗಲಿ: ಪಿಡಬ್ಲ್ಯುಡಿಯವರ ಕಟ್ಟಡ ಎಂದರೆ ನಮಗೆ ನೆನಪಾಗುವ ಈ ರೂಪ ಬೆಳೆದದ್ದು ಆ ಕಾಲದ ಚಿಂತೆಯ ನಡುವೆ.

ಬೆಂಗಳೂರಿನ ಅಠಾರಾ ಕಚೇರಿಯೂ ಆಗಿನದೇ. ಬೌರಿಂಗ್ ಮೈಸೂರಿನ ಕಮಿಷನರಾಗಿದ್ದಾಗ, ಸರ್ಕಾರದ ಹದಿನೆಂಟು ಇಲಾಖೆಗಳು ಕೋಟೆಯೊಳಗೆ ಟಿಪ್ಪುವಿನ ಅರಮನೆಯಲ್ಲಿ ಇಕ್ಕಟ್ಟಾಗಿ ಕೂತಿದ್ದವು. ಅವಕ್ಕೆಂದು ಕಟ್ಟಿಸಿದ ಕೆಂಪು ಕಟ್ಟಡ 1868ಕ್ಕೆ ಮುಗಿಯಿತು. ಸ್ಯಾಂಕಿ ಕೆರೆಗೆ ಯಾರ ಹೆಸರಿದೆಯೋ ಆ ಎಂಜಿನಿಯರ್ ಸ್ಯಾಂಕಿಯ ಉಸ್ತುವಾರಿ, ಅರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರ ಗುತ್ತಿಗೆ. ಈಗ ಹೈಕೋರ್ಟು. ನಾನು ಕಬ್ಬನ್ ಪಾರ್ಕಿನ ಕಡೆಯಿಂದ ಅದನ್ನು ನೋಡುವಾಗ ಕಂಬಗಳ ಅಂದಕ್ಕಿಂತ ಮೊದಲು ನೋಡುವುದು ಆ ಉದ್ದನೆಯ ಮೊಗಸಾಲೆಯನ್ನು. ಬಿಸಿಲು ಗೋಡೆಗೆ ತಾಗುವ ಮೊದಲು ಮೊಗಸಾಲೆ ಅದನ್ನು ತಡೆಯುತ್ತದೆ. ನೆರಳಲ್ಲಿ ತಣಿದ ಗಾಳಿ ಕೋಣೆಗೆ ನುಗ್ಗುತ್ತದೆ. ಇಡೀ ಕಟ್ಟಡವೇ ಒಂದು ಯಂತ್ರ, ಅದಕ್ಕೆ ಕರೆಂಟು ಬೇಡ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದ ಊರಿನಲ್ಲಿ ಅಷ್ಟು ಸಾಕಿತ್ತು. ಅತ್ತ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದರು. ಆ ಹೆಂಚಿನ ಮಾಡಿನ ಪ್ರತಿ ಸಂದಿಯೂ ಒಂದೊಂದು ವೆಂಟಿಲೇಟರು. ಮಳೆ ನೀರನ್ನು ಬಿಡುವುದಿಲ್ಲ, ಬಿಸಿಗಾಳಿಯನ್ನು ಹಿಡಿದಿಡುವುದಿಲ್ಲ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಕತ್ತಲೆ ಮನೆಗಳೇ ಕಾರಣವೆಂದು ಜನ ಹೆದರಿದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೇಗಬೇಗ ತುಂಬಿಕೊಂಡದ್ದು ಆಮೇಲೆ. ‘ಗಾಳಿ ಬೆಳಕು ಚೆನ್ನಾಗಿದೆ’ ಎಂದು ಮನೆ ನೋಡಲು ಬಂದವರು ಇವತ್ತಿಗೂ ಹೇಳುವ ಮಾತಿನ ಹಿಂದೆ ಆ ಹೆದರಿಕೆಯ ನೆರಳಿದೆ. ಪ್ಲೇಗು ಹರಡಿದ್ದು ಇಲಿಯ ಚಿಗಟದಿಂದ, ಗಾಳಿಯಿಂದಲ್ಲ. ಕಾರಣ ತಪ್ಪಿತ್ತು, ಕಟ್ಟಿದ ಮನೆ ಮಾತ್ರ ಒಳ್ಳೆಯದಾಯಿತು.

ಹಳೆಯ ಕಚೇರಿಗಳ ಗಾಳಿ ಅಮೃತವಾಗಿತ್ತು ಎಂದು ಹೇಳಿದರೆ ಅಪ್ಪನೇ ನಗುತ್ತಾನೆ. ರೆಕಾರ್ಡ್ ರೂಮಿನ ಬಾಗಿಲು ತೆಗೆದರೆ ಕೆಂಪು ರುಮಾಲಿನ ಗಂಟುಗಳಿಂದ ಏಳುತ್ತಿದ್ದ ಧೂಳಿಗೆ ಸೀನು ನಿಲ್ಲುತ್ತಿರಲಿಲ್ಲ. ಅಲ್ಲಿ ಬಾವಲಿಯ ಹಿಕ್ಕೆಯ ವಾಸನೆ, ಗೆದ್ದಲಿಗೆ ಹೊಡೆದ ಡಿಡಿಟಿ. ಹಾಲಿನಲ್ಲಿ ಬೀಡಿ ಹೊಗೆ, ಸೈಕ್ಲೋಸ್ಟೈಲ್ ಮಸಿಯ ಜಿಡ್ಡು ವಾಸನೆ. ಎಂಜಿನಿಯರಿಂಗ್ ಇಲಾಖೆಗಳಲ್ಲಿ ನಕ್ಷೆಯ ಪ್ರತಿ ತೆಗೆಯುವ ಯಂತ್ರದ ಅಮೋನಿಯಾ ಕಣ್ಣಲ್ಲಿ ನೀರು ತರಿಸುತ್ತಿತ್ತು. ಆದರೆ ಕಣ್ಣುರಿದವನು ಎದ್ದುಹೋಗಿ ಕಿಟಕಿ ತೆರೆಯಬಹುದಿತ್ತು. ಅಥವಾ ಅಪ್ಪನನ್ನು ಕೂಗಬಹುದಿತ್ತು. ಹಗ್ಗ ಕೂಗಳತೆಯಲ್ಲಿತ್ತು.

1902 ನನ್ನ ಕಸುಬು ಹುಟ್ಟಿದ ವರ್ಷ. ಆ ವರ್ಷ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. ಮೂರು ವರ್ಷ ಕಳೆದು, 1905ರ ಆಗಸ್ಟಿನಲ್ಲಿ, ಅದೇ ವಿದ್ಯುತ್ತು ಬೆಂಗಳೂರಿನ ಬೀದಿಗೆ ದೀಪವಾಗಿ ಬಂತು. ಕರೆಂಟಿನ ಫ್ಯಾನು ಬಂದ ಕಡೆಗಳಲ್ಲೆಲ್ಲ ಪಂಖಾದವನ ಹಗ್ಗ ಕೈಬಿಟ್ಟಿತು. ಅತ್ತ ಅದೇ 1902ರಲ್ಲಿ ಅಮೆರಿಕದ ಬ್ರೂಕ್ಲಿನ್‌ನಲ್ಲಿ ಒಂದು ಮುದ್ರಣಾಲಯಕ್ಕೆ ತಲೆನೋವು. ಬೇಸಿಗೆಯ ತೇವಕ್ಕೆ ಕಾಗದ ಉಬ್ಬುತ್ತಿತ್ತು, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ವಿಲಿಸ್ ಕ್ಯಾರಿಯರ್ ಎಂಬ ಎಳೆಯ ಎಂಜಿನಿಯರು ತಣ್ಣೀರಿನ ಕೊಳವೆಗಳ ಮೇಲೆ ಗಾಳಿ ಹಾಯಿಸಿ ತೇವವನ್ನು ಹದಕ್ಕೆ ತರುವ ಏರ್ಪಾಟು ಮಾಡಿಕೊಟ್ಟ. ಇದೇ ಇವತ್ತಿನ ಏರ್‌ಕಂಡೀಷನಿಂಗಿನ ಮೂಲ. ಮೊದಲ ಎಸಿ ಕಾಗದದ ಆರೋಗ್ಯಕ್ಕಾಗಿ ಬಂತು, ಅದರ ಪಕ್ಕ ನಿಂತವರಿಗೂ ತಂಪಾಯಿತು.

ಇದನ್ನು ಪುಸ್ತಕದಲ್ಲಿ ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಬೆಂಗಳೂರಿನಲ್ಲಿ ನಾನೇ ಅದನ್ನು ಕಂಡಿದ್ದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇಲ್ಲಿನ ಎಷ್ಟೋ ಮನೆಗಳಲ್ಲಿ ಫ್ಯಾನೂ ಇರಲಿಲ್ಲ, ಕಚೇರಿಗಳಲ್ಲಿ ಎಸಿ ಅಂದರೆ ದೊಡ್ಡ ಸಾಹೇಬರ ಕೋಣೆಯಲ್ಲಿ ಒಂದು. ಆಮೇಲೆ ಕಂಪ್ಯೂಟರು ಬಂತು. 1984ರಲ್ಲಿ ರಂಗರಾಜನ್ ಸಮಿತಿ ಬ್ಯಾಂಕುಗಳಿಗೆ ಗಣಕ ಬೇಕೆಂದಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಕಚೇರಿಗಳಲ್ಲಿ ಒಂದೊಂದು ‘ಕಂಪ್ಯೂಟರ್ ರೂಮು’ ಎದ್ದವು. ಗಾಜಿನ ಬಾಗಿಲು, ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿ, ಒಳಗೆ ಇಪ್ಪತ್ತೆರಡು ಡಿಗ್ರಿ. ಗರ್ಭಗುಡಿಗೆ ಹೋದ ಹಾಗೆ ಬರಿಗಾಲಲ್ಲಿ ಹೋಗಬೇಕು. ಪೂಜಾರಿಗಳ ಹಾಗೆ ಒಳಗಿದ್ದ ಆಪರೇಟರುಗಳು ಏಪ್ರಿಲ್‌ನಲ್ಲೂ ಸ್ವೆಟರ್ ಹಾಕಿಕೊಂಡಿರುತ್ತಿದ್ದರು. ಒಂದು ಕಡೆ ನಾನು ಯಂತ್ರಕ್ಕೆ ಗ್ಯಾಸ್ ತುಂಬುತ್ತಿದ್ದಾಗ ಲೆಡ್ಜರ್ ವಿಭಾಗದ ವಯಸ್ಸಾದ ಗುಮಾಸ್ತರೊಬ್ಬರು ಸುಮ್ಮನೆ ಬಂದು ನಿಂತರು. ಏನು ಬೇಕಿತ್ತು ಸಾರ್ ಅಂದೆ. ‘ಏನಿಲ್ಲಪ್ಪ, ಎರಡು ನಿಮಿಷ ನಾನೂ ಕಂಪ್ಯೂಟರ್ ಆಗೋಣ ಅಂತ,’ ಅಂದರು.

ಆಗಿನ ಎಸಿ ಎಂದರೆ ಕಿಟಕಿಯಲ್ಲಿ ಕೂರಿಸುವ ಡಬ್ಬ. ಅದರ ಮುಖದ ಮೇಲೆ ಗುಂಡಿಗಳ ಪಕ್ಕ ಒಂದು ಸಣ್ಣ ಕಡ್ಡಿ ಇರುತ್ತಿತ್ತು. ಅದನ್ನು ಎಳೆದರೆ ಹಿಂಬದಿಯ ಪುಟ್ಟ ಬಾಗಿಲು ತೆರೆದು ಒಳಗಿನ ಗಾಳಿ ಸ್ವಲ್ಪ ಹೊರಗೆ ಹೋಗುತ್ತಿತ್ತು. ಬಹಳ ಜನಕ್ಕೆ ಅದು ಯಾಕಿದೆ ಎಂದೇ ಗೊತ್ತಿರಲಿಲ್ಲ. ನಾನು ಅದನ್ನು ಅಪ್ಪನ ಹಗ್ಗದ ಮೊಮ್ಮಗ ಎಂದುಕೊಳ್ಳುತ್ತಿದ್ದೆ. ಮುಂದೆ ಸ್ಪ್ಲಿಟ್ ಎಸಿ ಬಂತು. ಸದ್ದಿಲ್ಲ, ಕಿಟಕಿ ಬೇಡ, ಗೋಡೆಯಲ್ಲಿ ಎರಡಂಗುಲದ ತೂತು ಸಾಕು. ಸಾಮಾನ್ಯ ಸ್ಪ್ಲಿಟ್ ಎಸಿಯಲ್ಲಿ ಹೊರಗಿನ ಗಾಳಿ ಒಂದು ತೊಟ್ಟೂ ಒಳಗೆ ಬರುವುದಿಲ್ಲ ಎಂದು ಇವತ್ತಿಗೂ ಹೇಳಿದರೆ ಓದಿದವರೇ ನಂಬುವುದಿಲ್ಲ. ಹೊರಗೆ ಕೂತ ಪೆಟ್ಟಿಗೆ ಗಾಳಿ ಕಳಿಸುತ್ತದೆ ಅಂದುಕೊಂಡಿರುತ್ತಾರೆ. ಆ ಕೊಳವೆಯಲ್ಲಿ ಓಡುವುದು ಗ್ಯಾಸು. ಕೋಣೆಯ ಗಾಳಿ ಕೋಣೆಯಲ್ಲೇ ಸುತ್ತುತ್ತದೆ, ನಮ್ಮ ಅಜ್ಜನ ಪಂಖಾದ ಕೆಳಗಿನ ಗಾಳಿಯಂತೆ.

ತೊಂಬತ್ತರ ದಶಕ ದಾಟುವ ಹೊತ್ತಿಗೆ ಬೆಂಗಳೂರಿಗೆ ಗಾಜಿನ ಕಟ್ಟಡಗಳು ಬಂದವು. ಅವುಗಳ ಕಿಟಕಿಗೆ ಅಗುಳಿಯೇ ಇಲ್ಲ. ಪ್ರತಿ ಮಹಡಿಗೆ ಒಂದು ಎಎಚ್‌ಯು ಕೋಣೆ, ಅದಕ್ಕೊಂದು ಬೀಗ, ಬೀಗದ ಕೈ ನನ್ನಂಥವನ ಸೊಂಟದಲ್ಲಿ. ಎಎಚ್‌ಯು ಅಂದರೆ ಒಂದು ಸಣ್ಣ ಕೋಣೆಯಷ್ಟೇ ದೊಡ್ಡ ತಗಡಿನ ಪೆಟ್ಟಿಗೆ. ಮಹಡಿಯ ಗಾಳಿಯನ್ನೆಲ್ಲ ಹಿಂದಕ್ಕೆ ಎಳೆದು, ಫಿಲ್ಟರಿನಲ್ಲಿ ಸೋಸಿ, ತಣ್ಣೀರು ಓಡುವ ಕಾಯಿಲಿನ ಮೇಲೆ ಹಾಯಿಸಿ, ಬ್ಲೋವರಿನಿಂದ ಮತ್ತೆ ಮಹಡಿಗೆ ತಳ್ಳುತ್ತದೆ. ಕಾಯಿಲಿನ ಕೆಳಗೊಂದು ತಟ್ಟೆ. ಗಾಳಿಯ ತೇವವೆಲ್ಲ ನೀರಾಗಿ ಅದಕ್ಕೆ ಇಳಿದು ಪೈಪಿನಲ್ಲಿ ಹರಿದುಹೋಗಬೇಕು. ಪೈಪು ಕಟ್ಟಿಕೊಂಡರೆ ತಟ್ಟೆಯಲ್ಲಿ ಪಾಚಿ, ಬೂಷ್ಟು. ಮಾರನೆಯ ದಿನವೇ ಇಡೀ ಮಹಡಿಗೆ ಒಗೆದು ಒಣಗಿಸದ ಕಾಲುಚೀಲದ ವಾಸನೆ. ಪೆಟ್ಟಿಗೆಯ ಒಂದು ಮಗ್ಗುಲಲ್ಲಿ, ಹೊರಗೋಡೆಗೆ ಅಂಟಿದಂತೆ, ಮಡಚುವ ಪಟ್ಟಿಗಳ ಒಂದು ಚೌಕ. ಅದೇ ಫ್ರೆಶ್ ಏರ್ ಡ್ಯಾಂಪರ್. ಇಡೀ ಮಹಡಿಗೆ ಹೊಸ ಗಾಳಿ ಬರಬೇಕಾದರೆ ಅದೊಂದೇ ಕಿಂಡಿ.

ಆ ಕಿಂಡಿಯನ್ನು ನಾನೇ ಮುಚ್ಚಿದೆ. ಕಂಪನಿಯ ಹೆಸರು ಬೇಡ, ಅಂಥವು ಬಹಳ ಇದ್ದವು. ಒಂದು ಏಪ್ರಿಲ್‌ನಲ್ಲಿ ಕಟ್ಟಡದ ಮ್ಯಾನೇಜರು ಕರೆಂಟ್ ಬಿಲ್ ಹಿಡಿದು ಕೆಳಗೆ ಬಂದರು.

‘ಏನ್ರೀ, ಹೊರಗಿನ ಬಿಸಿಗಾಳಿ ಒಳಗೆ ತಂದು ಅದನ್ನ ತಣ್ಣಗೆ ಮಾಡೋಕೆ ನಾವು ದುಡ್ಡು ಕೊಡಬೇಕಾ? ಮುಚ್ಚಿ ಅದನ್ನ.’

‘ಸಾರ್, ಪೂರ್ತಿ ಮುಚ್ಚೋದು ಬೇಡ ಸಾರ್. ಮುನ್ನೂರು ಜನ ಕೂತಿದಾರೆ.’

‘ಅವರೇನು ಕಂಪ್ಲೇಂಟ್ ಕೊಟ್ಟಿದಾರಾ?’

ಕೊಟ್ಟಿರಲಿಲ್ಲ. ಪಟ್ಟಿಗಳನ್ನು ಒತ್ತಿ ಮುಚ್ಚಿ, ಮತ್ತೆ ತೆರೆಯದ ಹಾಗೆ ಬೈಂಡಿಂಗ್ ವೈರಿನಿಂದ ಮೂರು ಸುತ್ತು ಬಿಗಿದೆ. ಏಳೂ ಮಹಡಿಗಳಲ್ಲಿ. ಮುಂದಿನ ತಿಂಗಳ ಬಿಲ್ಲು ಇಳಿಯಿತು, ನನಗೊಂದು ಶಹಬ್ಬಾಸು ಸಿಕ್ಕಿತು.

ಇದು ನನ್ನೊಬ್ಬನ ಪಾಪವಲ್ಲ, ಇದಕ್ಕೆ ಪ್ರಪಂಚದಲ್ಲೇ ಪೂರ್ವಿಕರಿದ್ದರು ಎಂದು ಆಮೇಲೆ ತಿಳಿಯಿತು. 1973ರಲ್ಲಿ ಅರಬರು ಎಣ್ಣೆಯ ನಲ್ಲಿ ತಿರುಗಿಸಿದಾಗ ಅಮೆರಿಕದ ಕಟ್ಟಡಗಳೆಲ್ಲ ಮೈ ಬಿಗಿದುಕೊಂಡವು. ಅಲ್ಲಿನ ಏರ್‌ಕಂಡೀಷನಿಂಗ್ ಎಂಜಿನಿಯರುಗಳ ಸಂಘ ಆಶ್ರೇ, 1981ರಲ್ಲಿ, ಸಿಗರೇಟು ಸೇದದ ಕಚೇರಿಗೆ ತಲೆಗೆ ನಿಮಿಷಕ್ಕೆ 5 ಘನ ಅಡಿ ಹೊರಗಾಳಿ ಸಾಕೆಂದಿತು. ಆ ಹೊತ್ತಿಗಾಗಲೇ ಕಚೇರಿಗಳಿಂದ ಒಂದೇ ಬಗೆಯ ದೂರುಗಳು ಬರತೊಡಗಿದ್ದವು: ತಲೆನೋವು, ಕಣ್ಣುರಿ, ಒಣಗಂಟಲು, ಮಧ್ಯಾಹ್ನವಾದರೆ ತೂಕಡಿಕೆ. ಮನೆಗೆ ಹೋದರೆ ಎಲ್ಲ ಮಾಯ. ಕಾಯಿಲೆ ಮನುಷ್ಯನದ್ದಲ್ಲ, ಕಟ್ಟಡದ್ದು ಎನ್ನುವ ಅರ್ಥದಲ್ಲಿ ಇದಕ್ಕೆ ‘ಸಿಕ್ ಬಿಲ್ಡಿಂಗ್ ಸಿಂಡ್ರೋಮ್’ ಎಂದು ಹೆಸರು ಬಿತ್ತು. ಹೊಸ ಕಾರ್ಪೆಟ್ಟಿನ ಗೋಂದು, ಪಾರ್ಟಿಷನ್ ಹಲಗೆಯ ಫಾರ್ಮಾಲ್ಡಿಹೈಡ್, ಜೆರಾಕ್ಸ್ ಯಂತ್ರದ ಓಝೋನ್, ಜನರ ಉಸಿರು, ಯಾವುದಕ್ಕೂ ಹೊರದಾರಿ ಇರಲಿಲ್ಲ. 1989ರಲ್ಲಿ ಆಶ್ರೇ ತನ್ನ ಲೆಕ್ಕ ತಿದ್ದಿ ಕಚೇರಿಗೆ 20 ಘನ ಅಡಿ ಎಂದಿತು. ಅವರು ತಿದ್ದಿಕೊಂಡು ವರ್ಷಗಳೇ ಕಳೆದ ಮೇಲೆ ನಾನು ಇಲ್ಲಿ ವೈರು ಬಿಗಿಯುತ್ತಿದ್ದೆ.

ಜನ ಯಾಕೆ ದೂರು ಕೊಡಲಿಲ್ಲ? ಇದಕ್ಕೂ ಒಬ್ಬರು ಉತ್ತರ ಕೊಟ್ಟಿದ್ದಾರೆ. 1936ರಲ್ಲಿ ಹಾರ್ವರ್ಡಿನ ಯಾಗ್ಲೂ ಎಂಬ ವಿಜ್ಞಾನಿ ಮುಚ್ಚಿದ ಕೋಣೆಯಲ್ಲಿ ಜನರನ್ನು ಕೂರಿಸಿ, ಹೊರಗಿನ ಶುದ್ಧ ಗಾಳಿಯಿಂದ ಬಂದವರ ಮೂಗಿನಿಂದ ಅಲ್ಲಿನ ವಾಸನೆ ಅಳೆಸಿದ. ಒಳಗೆ ಕೂತವರ ಮೂಗು ಸಾಕ್ಷಿಗೆ ಬರುವುದಿಲ್ಲ, ಅದು ಬೇಗ ಒಗ್ಗಿಹೋಗುತ್ತದೆ. ನಮ್ಮಂಥ ಮೆಕ್ಯಾನಿಕ್ಕುಗಳಿಗೆ ಇದು ಅನುಭವದಿಂದಲೇ ಗೊತ್ತು. ಲಿಫ್ಟಿನಿಂದ ಹೊರಬಿದ್ದು ಮಹಡಿಯ ಬಾಗಿಲು ತಳ್ಳಿದಾಗ ಎಳೆದುಕೊಳ್ಳುವ ಮೊದಲ ಉಸಿರೇ ನಿಜ ಹೇಳುತ್ತದೆ. ಎರಡನೆಯ ಉಸಿರಿಗೆ ನೀವೂ ಒಳಗಿನವರಾಗಿರುತ್ತೀರಿ.

ಕೆಲವು ಅನಿಷ್ಟಗಳು ಕಣ್ಣಿಗೆ ಕಾಣುತ್ತಿದ್ದವು, ಅವು ಬೇಗ ಹೋದವು. ಮೊದಲು ಆಫೀಸಿನ ಮೇಜಿನ ಮೇಲೆ ಪೆನ್ನಿನ ಪಕ್ಕದಲ್ಲೇ ಆಷ್‌ಟ್ರೇ ಇರುತ್ತಿತ್ತು. ಫಿಲ್ಟರು ತೊಳೆದರೆ ನೀರು ಡಿಕಾಕ್ಷನ್ ಬಣ್ಣಕ್ಕೆ ಇಳಿಯುತ್ತಿತ್ತು. 2008ರ ಅಕ್ಟೋಬರ್ 2ರಿಂದ ಕಚೇರಿಗಳಲ್ಲಿ ಸಿಗರೇಟು ನಿಂತಿತು, ಫಿಲ್ಟರಿನ ನೀರು ಬರೀ ಮಣ್ಣಿನ ಬಣ್ಣಕ್ಕೆ ತಿರುಗಿತು. ಕೂಲಿಂಗ್ ಟವರಿನ ನೀರಿಗೆ ತಪ್ಪದೆ ಔಷಧಿ ಹಾಕಬೇಕೆಂಬ ಪಾಠ ಬಂದದ್ದು 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದವರು ವಿಚಿತ್ರ ನ್ಯುಮೋನಿಯಾದಿಂದ ಸತ್ತ ಮೇಲೆ. ಹೊಸ ಬಗೆಯ ಬ್ಯಾಕ್ಟೀರಿಯ ಅದು, ಬೆಚ್ಚಗಿನ ನೀರಿನಲ್ಲಿ ಬೆಳೆದು ತುಂತುರಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಸತ್ತವರಿದ್ದರು, ಆದ್ದರಿಂದ ಪಾಠ ಕಲಿತರು. ಮಧ್ಯಾಹ್ನದ ತೂಕಡಿಕೆಯಿಂದ ಯಾರೂ ಸಾಯುವುದಿಲ್ಲವಲ್ಲ.

ಅದರ ಬದಲು ಮನಿಪ್ಲಾಂಟ್ ಬಂದವು. ನಾಸಾದವರು 1989ರಲ್ಲಿ ಮುಚ್ಚಿದ ಪುಟ್ಟ ಪೆಟ್ಟಿಗೆಯಲ್ಲಿ ಗಿಡ ಇಟ್ಟು ಗಾಳಿ ಶುದ್ಧವಾಯಿತೆಂದು ತೋರಿಸಿದ್ದರು. ಅದನ್ನೇ ಹಿಡಿದು ಪ್ರತಿ ಮೇಜಿಗೊಂದು ಕುಂಡ ಇಟ್ಟರು. ಅಂಥ ಪ್ರಯೋಗಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿ 2019ರಲ್ಲಿ ಹೊರಬಂದ ಅಧ್ಯಯನ ಏನು ಹೇಳಿತು ಗೊತ್ತೆ? ಕಟ್ಟಡಕ್ಕೆ ಸಹಜವಾಗಿ ಬಂದುಹೋಗುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳಿಂದ ಮಾಡಿಸಬೇಕಾದರೆ ಒಂದೊಂದು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕು. ಕಚೇರಿಯಲ್ಲಿ ಅಷ್ಟು ಗಿಡ ಇಟ್ಟರೆ ಮನುಷ್ಯರು ಕೂರಲು ಕಾಡಿಗೆ ಹೋಗಬೇಕು. ಗಿಡ ಇರಲಿ, ನೋಡಲು ಚೆಂದ. ಆದರೆ ಅದು ಹಗ್ಗವಲ್ಲ.

ಕಿಟಕಿ ತೆರೆದುಬಿಟ್ಟರೆ ಆಯಿತಲ್ಲ ಎಂದರೆ, ಅಪ್ಪನ ಕಾಲದ ಹೊರಗಾಳಿ ಈಗಿಲ್ಲ. ರಿಂಗ್ ರೋಡಿನ ಪಕ್ಕದ ಕಟ್ಟಡದಲ್ಲಿ ಡ್ಯಾಂಪರ್ ತೆರೆದರೆ ಬರುವುದು ಡೀಸೆಲ್ ಹೊಗೆ, ಮೆಟ್ರೊ ಕಾಮಗಾರಿಯ ಧೂಳು. ಕಣ್ಣಿಗೆ ಕಾಣದ ಪಿಎಂ 2.5 ಕಣಗಳಿಗೆ ನಮ್ಮ ದೇಶ 2009ರಲ್ಲಿ ಹಾಕಿಕೊಂಡ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಹಾಗಾಗಿ ಇವತ್ತಿನ ಕಚೇರಿಗೆ ಎರಡೂ ಬೇಕು: ಹೊರಗಾಳಿಗೆ ದಾರಿಯೂ ಬೇಕು, ದಾರಿಯಲ್ಲಿ ಒಳ್ಳೆಯ ಜರಡಿಯೂ ಬೇಕು. ಜರಡಿ ನುಣುಪಾದಷ್ಟೂ ಬ್ಲೋವರಿಗೆ ಭಾರ, ಬ್ಲೋವರಿಗೆ ಭಾರವಾದಷ್ಟೂ ಬಿಲ್ಲು ಹೆಚ್ಚು. ಮತ್ತೆ ಮ್ಯಾನೇಜರು ಕಾಗದ ಹಿಡಿದು ಕೆಳಗಿಳಿದು ಬರುತ್ತಾರೆ.

ಹೀಗೆ ಬರುವಾಗಲೇ 2020 ಬಂತು. ಕಟ್ಟಡ ಖಾಲಿಯಾಯಿತು. ಮುನ್ನೂರು ಕುರ್ಚಿಗಳ ನಡುವೆ ನಾನೂ ಒಬ್ಬ ಸೆಕ್ಯುರಿಟಿಯವನೂ ಇಬ್ಬರೇ. ಮುಚ್ಚಿದ ಕೋಣೆಯ ಗಾಳಿಯಲ್ಲಿ ಕಾಯಿಲೆ ತೇಲುತ್ತದೆ, ಹೊರಗಾಳಿ ಹೆಚ್ಚಿಸಿ, ಕಿಟಕಿ ತೆರೆಯಿರಿ ಎಂದು ಎಂಜಿನಿಯರುಗಳ ಸಂಘದಿಂದ ಹಿಡಿದು ಸರ್ಕಾರದವರೆಗೂ ಎಲ್ಲರೂ ಹೇಳತೊಡಗಿದರು. ಅಪ್ಪ ನಾಲ್ಕನೇ ಇಯತ್ತೆಯಲ್ಲಿ ತಿಳಿದದ್ದನ್ನು ಸುತ್ತೋಲೆ ಹೊರಡಿಸಿ ಹೇಳಬೇಕಾಯಿತು. ಅದೇ ಮ್ಯಾನೇಜರು ಫೋನು ಮಾಡಿದರು: ‘ಆ ಡ್ಯಾಂಪರ್ ಇದೆಯಲ್ರೀ, ಅದನ್ನ ತೆಗೀರಿ.’

ಕಟಿಂಗ್ ಪ್ಲೇಯರ್ ಹಿಡಿದು ಎಎಚ್‌ಯು ಕೋಣೆಗೆ ಹೋದೆ. ನಾನೇ ಬಿಗಿದ ವೈರು, ಮೂರು ಸುತ್ತು, ತುಕ್ಕು ಹಿಡಿದು ಪಟ್ಟಿಗೆ ಅಂಟಿಕೊಂಡಿತ್ತು. ಕತ್ತರಿಸಿದ ಮೇಲೂ ಪಟ್ಟಿ ಅಲುಗಲಿಲ್ಲ, ಎಣ್ಣೆ ಬಿಟ್ಟು ತಟ್ಟಿ ತಟ್ಟಿ ತೆರೆಯಬೇಕಾಯಿತು. ತೆರೆದಾಗ ಮೊದಲು ಬಂದದ್ದು ಒಂದು ಪಾರಿವಾಳದ ಪುಕ್ಕ, ಆಮೇಲೆ ಬೆಳಕು, ಆಮೇಲೆ ಗಾಳಿ.

ಜನ ಮರಳಿ ಬರುವ ಹೊತ್ತಿಗೆ ಮಹಡಿಗೊಂದು ಇಂಗಾಲದ ಡೈಆಕ್ಸೈಡ್ ಮೀಟರು ಕೊಟ್ಟರು. ಎಎಚ್‌ಯು ಕೋಣೆಯಲ್ಲಿ ಹಾಕಿ, ದಿನಾ ರಿಜಿಸ್ಟರಿನಲ್ಲಿ ಬರೆದಿಡಿ ಎಂದು ಆದೇಶ. ನಾನು ಸರ್ವಿಸಿನ ಕೊನೆಯ ತಿಂಗಳುಗಳಲ್ಲಿದ್ದೆ, ಹೆದರುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ. ಬೀಗದ ಕೋಣೆಯೊಳಗಿನ ಅಂಕಿಯನ್ನು ನನ್ನ ಹೊರತು ಯಾರು ನೋಡುತ್ತಾರೆ? ಮೂರನೇ ಮಹಡಿಯ ಮೀಟರನ್ನು ತಂದು ಮೀಟಿಂಗ್ ರೂಮಿನ ಗೋಡೆಗೆ, ಎಲ್ಲರ ಕಣ್ಣಿಗೆ ಬೀಳುವಂತೆ ಮೊಳೆ ಹೊಡೆದು ತೂಗುಹಾಕಿದೆ. ಕೆಳಗೊಂದು ಚೀಟಿ ಅಂಟಿಸಿದೆ: ‘1000 ದಾಟಿದರೆ ಹೇಳಿ.’ ಜೊತೆಗೆ ನನ್ನ ಇಂಟರ್‌ಕಾಮ್ ನಂಬರು.

ಎರಡು ವಾರ ಫೋನಿಲ್ಲ. ಮೂರನೆಯ ವಾರ, ಒಂದು ಮಂಗಳವಾರ ಮಧ್ಯಾಹ್ನ ಊಟವಾಗಿ ಅರ್ಧ ಗಂಟೆಗೆ ಫೋನು ಬಂತು. ಹುಡುಗಿಯ ದನಿ. ಹೊಸಬಳಿರಬೇಕು, ಮಾತಿನಲ್ಲಿ ಸಂಕೋಚ.

‘ಸಾರ್, ಮೂರನೇ ಫ್ಲೋರಿಂದ. 1460 ತೋರಿಸ್ತಿದೆ. ಹನ್ನೆರಡು ಜನ ಇದೀವಿ. ಸ್ವಲ್ಪ ಗಾಳಿ ಬಿಡ್ತೀರಾ?’

‘ಬಿಡ್ತೀನಮ್ಮ,’ ಅಂದೆ.

ಮೇಲೆ ಹೋಗಿ, ಬೀಗ ತೆಗೆದು, ಡ್ಯಾಂಪರಿನ ಹಿಡಿಯನ್ನು ಪೂರ್ತಿ ತಿರುಗಿಸಿದೆ. ಗೋಡೆಯ ಆ ಕಡೆ ಅವರು, ಈ ಕಡೆ ನಾನು. ಅಜ್ಜ ಕೂತಿದ್ದ ಜಾಗದಲ್ಲೇ ನಾನೂ ನಿಂತಿದ್ದೆ. ಆದರೆ ಈ ಸಲ ಹಗ್ಗ ಎಳೆದದ್ದು ನಾನಲ್ಲ, ಒಳಗಿನಿಂದ ಒಬ್ಬರು ಜಗ್ಗಿದ್ದರು. ಹತ್ತು ನಿಮಿಷ ಬಿಟ್ಟು ಫೋನು ಮತ್ತೆ ರಿಂಗಾಯಿತು.

‘ಸಾರ್, 1100ಕ್ಕೆ ಬಂತು,’ ಅಂದಳು. ‘ಇನ್ನೂ ಇಳೀತಿದೆ.’